ಉಣ್ಣಲೊಲ್ಲದ ಎಳೆಗೂಸು

ಊರು ಬಿಟ್ಟು ಬಂದು ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ಸಂಸಾರ ಹೂಡಿರುವ ನಮ್ಮ ಬಂಧುಗಳ ಮನೆಗಳಲ್ಲಿ ಪದೇಪದೇ ಕೇಳಿಬರುವ ಕೊರಗೊಂದುಂಟು. ಮಗುವಿಗೆ ಎಂಟೋ ಒಂಬತ್ತೋ ತಿಂಗಳು. ನಿನ್ನೆ ಮೊನ್ನೆಯವರೆಗೆ ರಾಗಿಯ ಸರಿಯನ್ನು ಚಪ್ಪರಿಸಿ ತಿನ್ನುತ್ತಿದ್ದ ಕೂಸು ಇಂದು ಚಮಚವನ್ನು ಕಂಡೊಡನೆ ತುಟಿ ಬಿಗಿದು ಮುಖ ತಿರುಗಿಸುತ್ತದೆ. ಬಾಯಿಗೆ ಹೋದುದನ್ನು ಉಗುಳುತ್ತದೆ. ಬಟ್ಟಲನ್ನು ತಳ್ಳಿ ಚೆಲ್ಲುತ್ತದೆ. ಹೇಳಹೊರಟರೆ ಇದು ಅಲ್ಪವಿಷಯ. ಆದರೆ ಗಂಡನು ಬೆಳಗಿನ ಐದು ಗಂಟೆಗೆ ಹೋಟೆಲಿಗೆ ಹೊರಟು ರಾತ್ರಿ ಹನ್ನೊಂದಕ್ಕೆ ಮರಳುವ, ಅತ್ತೆಯಾಗಲಿ ಹೆತ್ತತಾಯಿಯಾಗಲಿ ಹತ್ತಿರವಿಲ್ಲದ, ಡೊಂಬಿವಿಲಿಯದೋ ನಾಲಾಸೋಪಾರದ್ದೋ ಒಂದೇ ಕೋಣೆಯ ಬಿಡಾರದಲ್ಲಿ ದಿನವಿಡೀ ಒಬ್ಬಳೇ ಇರುವ ಎಳೆಯ ತಾಯಿಗೆ ಇದು ಅಲ್ಪವಿಷಯವಲ್ಲ. ಊರಿನಿಂದ ದೂರವಾಣಿ ಬಂದರೆ ಮೊದಲನೆಯ ಪ್ರಶ್ನೆಯೇ, "ಕೂಸು ಯಾಕೆ ಸೊರಗಿದೆ? ನೀನು ಏನು ತಿನ್ನಿಸುತ್ತೀ?" ಎಂದು. ಉಣ್ಣದಿರುವುದು ಮಗು, ತಪ್ಪಿತಸ್ಥಳೆನಿಸಿಕೊಳ್ಳುವವಳು ತಾಯಿ.

ಈ ಅಪವಾದದಿಂದ ಪಾರಾಗಲು ಆಕೆ ಮಾಡುವುದಾದರೂ ಏನು? ಮಗುವನ್ನು ಸೊಂಟದಲ್ಲಿರಿಸಿಕೊಂಡು ಅತ್ತಿತ್ತ ಅಲೆದಾಡುವುದು, ಮೊಬೈಲಿನಲ್ಲಿ ಕುಣಿಯುವ ಚಿತ್ರಗಳನ್ನು ತೋರಿಸುವುದು, ಗುಮ್ಮನ ಹೆಸರು ಹೇಳಿ ಬೆದರಿಸುವುದು, ಕಟ್ಟಕಡೆಗೆ ಕೈಕಾಲು ಹಿಡಿದು ತುತ್ತು ತುರುಕುವುದು. ಅದೂ ಸಾಗದಾದಾಗ ಔಷಧದ ಅಂಗಡಿಯಿಂದ ಹಸಿವಿನ ಟಾನಿಕ್ಕು ಬರುತ್ತದೆ, ಡಬ್ಬಿಯ ಹಿಟ್ಟು ಬರುತ್ತದೆ. ಕೋಣೆಯ ಬಾಡಿಗೆ, ರೈಲಿನ ಪಾಸು, ಊರಿಗೆ ಕಳುಹಿಸುವ ಹಣ ಇವೆಲ್ಲ ಕಳೆದು ಸಂಬಳದಲ್ಲಿ ಉಳಿದ ನಾಲ್ಕು ಕಾಸು ಹೀಗೆ ಕರಗುತ್ತದೆ. ಮಗು ಮಾತ್ರ ಬಾಯಿ ತೆರೆಯುವುದಿಲ್ಲ. ಆದುದರಿಂದ ಈ ವಿಷಯವನ್ನು ತುಸು ಸಾವಧಾನವಾಗಿ ವಿಚಾರಿಸಿ ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಹಸಿವು ಕುಗ್ಗುವುದೇಕೆ?

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಮಗುವಿನ ಬೆಳವಣಿಗೆ ಒಂದೇ ವೇಗದಲ್ಲಿ ಸಾಗುವುದಿಲ್ಲ. ಹುಟ್ಟುವಾಗ 3 ಕಿಲೋ ತೂಗಿದ ಶಿಶು ಸುಮಾರು ಐದನೆಯ ತಿಂಗಳಿಗೆ 6 ಕಿಲೋ ಆಗುತ್ತದೆ. ಮುಂದಿನ 3 ಕಿಲೋ ಕೂಡಿ 9 ಆಗುವುದಕ್ಕೆ ವರ್ಷ ತುಂಬಬೇಕು. ಎರಡನೆಯ ವರ್ಷದಲ್ಲಾದರೋ ಇಡೀ ಹನ್ನೆರಡು ತಿಂಗಳಿಗೆ ಕೂಡುವುದು ಸುಮಾರು ಎರಡೂವರೆ ಕಿಲೋ ಮಾತ್ರ. ಒಲೆಯ ಉರಿ ತಗ್ಗಿಸಿದ ಮೇಲೆ ಸೌದೆ ಕಡಿಮೆ ಸಾಕೆಂಬುದು ಅಡುಗೆಯವರಿಗೆ ಹೇಳಿಕೊಡಬೇಕಾದ ಮಾತಲ್ಲ. ಬೆಳವಣಿಗೆಯ ವೇಗ ತಗ್ಗಿದಂತೆ ಮಗುವಿನ ಹಸಿವೂ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಇಂದು ಎರಡು ತುತ್ತು, ನಾಳೆ ಒಂದು ಬಟ್ಟಲು. ಇದು ರೋಗವಲ್ಲ.

ಇನ್ನೂ ಕೆಲವು ಕಾರಣಗಳುಂಟು. ಹಲ್ಲು ಮೂಡುವಾಗ ವಸಡು ನೋಯುತ್ತದೆ. ನೆಗಡಿಯಾಗಿ ಮೂಗು ಕಟ್ಟಿದ್ದರೆ ನುಂಗುವುದೂ ಉಸಿರಾಡುವುದೂ ಒಟ್ಟಿಗೆ ಸಾಗದು. ನಿದ್ದೆಗಣ್ಣಿನ ಮಗುವಿಗೆ ಊಟ ಬೇಡವಾಗುತ್ತದೆ. ಅರ್ಧ ಗಂಟೆ ಮುಂಚೆ ಹಾಲು ಕುಡಿದು ಹೊಟ್ಟೆ ತುಂಬಿದ್ದರೂ ಅಷ್ಟೆ. ಅಂಬೆಗಾಲಿಡುವ ಕೂಸಿಗೆ ಲೋಕವೆಲ್ಲ ಹೊಸತಾಗಿರುವಾಗ ಒಂದೆಡೆ ಕುಳಿತಿರುವುದೇ ಶಿಕ್ಷೆ. ಸಿಹಿಯ ಮೇಲಿನ ಆಸೆ ಹುಟ್ಟಿನಿಂದಲೇ ಬಂದದ್ದು. ಕಹಿಯ ಮೇಲಿನ ಹೇವರಿಕೆಯೂ ಹಾಗೆಯೇ. ವರ್ಷ ದಾಟಿದ ಮೇಲೆ ಹೊಸ ತಿನಿಸಿನ ಅಳುಕು ಇನ್ನಷ್ಟು ಹೆಚ್ಚುತ್ತದೆ. ನಡೆಯಕಲಿತ ಮಗು ಕೈಗೆ ಸಿಕ್ಕಿದುದನ್ನೆಲ್ಲ ನುಂಗದಿರಲೆಂದು ಪ್ರಕೃತಿಯೇ ಇರಿಸಿದ ಕಾವಲು ಇದೆಂದು ವಿದ್ವಾಂಸರು ಊಹಿಸುತ್ತಾರೆ. ಹೀಗೆ ನೋಡಿದರೆ ಮುಖ ತಿರುಗಿಸುವುದು ಮಾತು ಬಾರದ ಮಗುವಿನ ಭಾಷೆಯೇ ಹೊರತು ಹೆತ್ತವಳ ಮೇಲಿನ ಹಠವಲ್ಲ.

ಬಡಿಸುವವರ ಧರ್ಮ

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಪತ್ರಿಕೆಯ ಮೇಜಿಗೆ ಬರುವ ಮುನ್ನ ಹೋಟೆಲಿನ ಗಲ್ಲಾದ ಹಿಂದೆ ಹಲವು ವರ್ಷ ಕುಳಿತ ನಮಗೆ ಈ ಗಾದೆಯ ಬೆಲೆ ಚೆನ್ನಾಗಿ ಗೊತ್ತು. ಇಂದಿನ ಅಡುಗೆ ಏನು, ಊಟ ಎಷ್ಟು ಗಂಟೆಗೆ, ಪಂಕ್ತಿ ಎಲ್ಲಿ ಎಂಬುದೆಲ್ಲ ಹೋಟೆಲಿನವರು ನಿಶ್ಚಯಿಸತಕ್ಕದ್ದು. ಬಡಿಸಿದುದರಲ್ಲಿ ಯಾವುದನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದು ಎಲೆಯ ಮುಂದೆ ಕುಳಿತವರು ನಿಶ್ಚಯಿಸತಕ್ಕದ್ದು. ಗಿರಾಕಿಯು ಪಲ್ಯವನ್ನು ಬಿಟ್ಟನೆಂದು ಅವನ ಗಲ್ಲ ಹಿಡಿದು ತುರುಕುವ ಮಾಣಿಯನ್ನು ಯಾರಾದರೂ ಕಂಡಿದ್ದೀರಾ? ಅಂಥ ಹೋಟೆಲಿಗೆ ಗಿರಾಕಿ ಎರಡನೆಯ ಸಲ ಕಾಲಿಡುವನೆ? ಗಿರಾಕಿಗೆ ನಾವು ಸಲ್ಲಿಸುವ ಈ ಮರ್ಯಾದೆಯನ್ನು ಮನೆಯ ಕೂಸಿಗೂ ಸಲ್ಲಿಸಬೇಕೆಂಬುದೇ ಈ ಲೇಖನದ ತಾತ್ಪರ್ಯ.

ಇದು ಕೇವಲ ಹೋಟೆಲಿನವರ ತತ್ತ್ವವಲ್ಲ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಎಂಬವರು 1980ರ ದಶಕದಲ್ಲಿ ಇದನ್ನೇ ಹೊಣೆಯ ಹಂಚಿಕೆಯೆಂದು ಕರೆದು ಪ್ರಚಾರಕ್ಕೆ ತಂದರು. ಏನು, ಯಾವಾಗ, ಎಲ್ಲಿ ಎಂಬುದು ಹೆತ್ತವರ ಹೊಣೆ. ಎಷ್ಟು, ಅಥವಾ ಬೇಕೋ ಬೇಡವೋ ಎಂಬುದು ಮಗುವಿನದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದಕ್ಕೆ ಹೊಂದಿಕೊಳ್ಳುತ್ತದೆ. ಮೆಲ್ಲಗೆ, ತಾಳ್ಮೆಯಿಂದ, ಕಣ್ಣಿಗೆ ಕಣ್ಣಿಟ್ಟು ಮಾತನಾಡುತ್ತ ಉಣಿಸಿರಿ. ಪ್ರೋತ್ಸಾಹಿಸಿರಿ, ಬಲವಂತ ಮಾಡದಿರಿ ಎಂದು ಅದು ಹೇಳುತ್ತದೆ. ಆದರೆ ಬಲವಂತ ಬೇಡವೆಂದರೆ ಬಟ್ಟಲನ್ನು ಮುಂದಿಟ್ಟು ಎದ್ದುಹೋಗುವುದೆಂದು ಯಾರೂ ಅರ್ಥಮಾಡಬಾರದು. ಒಳ್ಳೆಯ ಮಾಣಿ ಎಲೆಯ ಬಳಿಯೇ ನಿಂತಿರುತ್ತಾನೆ. ಬೇಕೇ ಎಂದು ಕೇಳುತ್ತಾನೆ. ಬೇಡವೆಂದರೆ ಮುಂದೆ ಸಾಗುತ್ತಾನೆ.

ಮಗುವಿಗೆ ತನ್ನ ಹೊಟ್ಟೆಯ ಅಳತೆ ಗೊತ್ತಿರುವುದೇ ಎಂದು ಹಿರಿಯರು ಸಂಶಯಪಡುವುದು ಸಹಜ. ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯೆ ಇದನ್ನು ಪರೀಕ್ಷಿಸಿ 1928ರಲ್ಲಿ ಮೊದಲನೆಯ ವರದಿಯನ್ನೂ 1939ರಲ್ಲಿ 15 ಮಕ್ಕಳ ವರದಿಯನ್ನೂ ಪ್ರಕಟಿಸಿದರು. ಆಗ ತಾನೇ ಎದೆಹಾಲು ಬಿಟ್ಟ, ಆರರಿಂದ ಹನ್ನೊಂದು ತಿಂಗಳೊಳಗಿನ ಮಕ್ಕಳ ಮುಂದೆ ಬಗೆಬಗೆಯ ಸಾದಾ ಆಹಾರಗಳನ್ನಿರಿಸಲಾಗುತ್ತಿತ್ತು; ಪಟ್ಟಿಯಲ್ಲಿದ್ದ ಪದಾರ್ಥಗಳು ಒಟ್ಟು 34. ದಾದಿಯು ಚಮಚ ಹಿಡಿದು ಸುಮ್ಮನೆ ಕುಳಿತಿರಬೇಕು. ಮಗು ಕೈಮಾಡಿ ತೋರಿಸಿದುದನ್ನು ಮಾತ್ರ ಕೊಡಬೇಕು. ತಾನಾಗಿ ಏನನ್ನೂ ಮುಂದೊಡ್ಡಬಾರದು. ಒಂದೊಂದು ಮಗು ಒಂದೊಂದು ಬಗೆಯಾಗಿ ತಿಂದಿತು. ದಿನದಿನಕ್ಕೆ ಊಟ ಬದಲಾಯಿತು. ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದವು. ಮೂಳೆ ಮೆದುವಾಗುವ ರಿಕೆಟ್ಸ್ ರೋಗವಿದ್ದ ಒಂದು ಮಗು ರೋಗ ವಾಸಿಯಾಗುವವರೆಗೆ ಮೀನೆಣ್ಣೆಯನ್ನು ತಾನಾಗಿಯೇ ಕುಡಿಯಿತಂತೆ. ಇಲ್ಲಿ ಒಂದು ಮಾತನ್ನು ಮರೆಯಕೂಡದು. ಆ ಮಕ್ಕಳ ಮುಂದಿದ್ದುದು ಹಣ್ಣು, ತರಕಾರಿ, ಧಾನ್ಯ, ಹಾಲು, ಮೊಟ್ಟೆ, ಮಾಂಸ ಮುಂತಾದವೇ ಹೊರತು ಬಿಸ್ಕತ್ತು, ಮಿಠಾಯಿಗಳಲ್ಲ. ಆಯ್ಕೆ ಮಗುವಿನದಾದರೂ ಆಯ್ಕೆಗೆ ಇರಿಸಿದ ಪದಾರ್ಥ ಹಿರಿಯರದು.

ಬಟ್ಟಲಲ್ಲಿ ಏನಿರಬೇಕು?

ಹಿರಿಯರ ಹೊಣೆಯಲ್ಲಿ ನಾವು ಹಿಂದುಳಿದಿದ್ದೇವೆಂಬುದನ್ನು ಒಪ್ಪಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ. ಆರರಿಂದ 23 ತಿಂಗಳೊಳಗಿನವರಲ್ಲಿ ಸಾಕಷ್ಟು ಬಗೆಯ ಆಹಾರ ಸಾಕಷ್ಟು ಸಲ ದೊರೆಯುವ ಮಕ್ಕಳು ನೂರಕ್ಕೆ 11 ಮಾತ್ರ. ರಕ್ತ ಕುಂದಿದ ಮಗುವಿಗೆ ಹಸಿವೂ ಕುಂದುತ್ತದೆ. ಹಸಿವು ಕುಂದಿದಂತೆ ರಕ್ತ ಇನ್ನಷ್ಟು ಕುಂದುತ್ತದೆ. ಈ ಸುಳಿಗೆ ಮಗು ಸಿಕ್ಕದಂತೆ ನೋಡಿಕೊಳ್ಳುವುದು ಹೆತ್ತವರ ಕೈಯಲ್ಲಿದೆ.

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಬಳಿಕ ಮೇಲಿನ ಆಹಾರ ಬೇಕು. ಎದೆಹಾಲನ್ನು ಎರಡು ವರ್ಷದವರೆಗೆ, ಬೇಕಾದರೆ ಅನಂತರವೂ, ಮುಂದುವರಿಸಬಹುದು. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತರ ಮೇಲೆ ಮೂರು ನಾಲ್ಕು ಸಲ ಉಣಿಸಿ, ನಡುವೆ ಒಂದೆರಡು ಬಾರಿ ಹಣ್ಣಿನಂಥ ಲಘು ತಿನಿಸು ಕೊಡಬಹುದು. ಮೊದಮೊದಲು ಎರಡು ಮೂರು ಚಮಚ. ಕ್ರಮೇಣ 250 ಮಿಲಿಲೀಟರಿನ ಬಟ್ಟಲಿನಲ್ಲಿ ಅರ್ಧ. ವರ್ಷ ದಾಟಿದ ಮೇಲೆ ಮುಕ್ಕಾಲು ಅಥವಾ ಪೂರ್ಣ. ಇದು ಬಡಿಸುವ ಅಂದಾಜೇ ಹೊರತು ಮುಗಿಸಲೇಬೇಕೆಂಬ ಕಟ್ಟಳೆಯಲ್ಲ.

ಶಿಶುವಿನ ಜಠರ ತೂಕದ ಕಿಲೋ ಒಂದಕ್ಕೆ ಸುಮಾರು 30 ಮಿಲಿಲೀಟರು ಹಿಡಿಯುತ್ತದೆ. 8 ಕಿಲೋ ತೂಗುವ ಮಗುವಿನ ಹೊಟ್ಟೆಯೆಂದರೆ ಒಂದು ನೀರಿನ ಲೋಟದಷ್ಟು. ಇಷ್ಟು ಸಣ್ಣ ಪಾತ್ರೆಯಲ್ಲಿ ಗಂಜಿಯ ತಿಳಿಯನ್ನೋ ಬೇಳೆಯ ಕಟ್ಟನ್ನೋ ತುಂಬಿದರೆ ಹೊಟ್ಟೆ ತುಂಬಿತು, ಮೈಗೆ ಹತ್ತಲಿಲ್ಲ ಎಂಬಂತಾಗುತ್ತದೆ. ಚಮಚವನ್ನು ಓರೆಮಾಡಿದರೆ ಜಾರಿಬೀಳದಷ್ಟು ಗಟ್ಟಿಯಾಗಿರಬೇಕು ಆಹಾರ. ಈ ವಿಷಯದಲ್ಲಿ ನಮ್ಮ ಅಜ್ಜಿಯರು ಜಾಣರು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನಿಂದ ಸರಿ ಮಾಡುತ್ತಿದ್ದರು. ಮೊಳಕೆಯೊಡೆಯುವಾಗ ಧಾನ್ಯದ ಪಿಷ್ಟ ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟಾಗದೆ ನುಂಗಲು ಹಗುರಾಗಿರುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿದ ಸುಣ್ಣದ ಅಂಶವಿದೆ. ಕರಾವಳಿಯವರ ರಾಗಿಯ ಮಣ್ಣಿ, ಕುಚ್ಚಿಲಕ್ಕಿಯ ಗಟ್ಟಿ ಗಂಜಿ, ಬಯಲುಸೀಮೆಯವರ ಜೋಳದ ನುಚ್ಚು, ನೆರೆಮನೆಯ ಮರಾಠಿ ತಾಯಿಯ ಮೆತ್ತನೆಯ ವರಣ-ಭಾತ, ಇವೆಲ್ಲವೂ ಒಳ್ಳೆಯವೇ. ಸರಿಗೂ ಮಣ್ಣಿಗೂ ವರ್ಷ ತುಂಬುವವರೆಗೆ ಬೆಲ್ಲದ ಬದಲು ಮಸೆದ ಬಾಳೆಹಣ್ಣಿನ ಸಿಹಿಯೇ ಸಾಕು. ಮೇಲೊಂದು ಚಮಚ ತುಪ್ಪ ಬಿದ್ದರೆ ಅಷ್ಟೇ ತುತ್ತಿನಲ್ಲಿ ಹೆಚ್ಚು ಶಕ್ತಿ.

ಆದರೆ ಬರಿಯ ಧಾನ್ಯದಿಂದ ರಕ್ತ ಕೂಡದು. ಚೆನ್ನಾಗಿ ಬೆಂದ ತೊಗರಿ ಅಥವಾ ಹೆಸರುಬೇಳೆ, ಮಸೆದ ಸೊಪ್ಪು, ಅದರ ಮೇಲೆ ನಾಲ್ಕು ಹನಿ ನಿಂಬೆರಸ ಬೇಕು. ನಿಂಬೆಯ ಹುಳಿಯಿಂದ ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಮೊಟ್ಟೆ, ಮೀನು ತಿನ್ನುವವರ ಮನೆಗಳಲ್ಲಿ ಬೆಂದ ಮೊಟ್ಟೆಯನ್ನೂ, ಮುಳ್ಳನ್ನು ಜೋಪಾನವಾಗಿ ಬಿಡಿಸಿದ ಬಂಗುಡೆ, ಬೂತಾಯಿಯನ್ನೂ ಆರು ತಿಂಗಳ ಮೇಲೆ ಕೊಡಬಹುದು. 2018ರಲ್ಲಿ ಆರಂಭವಾದ ಸರಕಾರದ ರಕ್ತಹೀನತೆ ನಿವಾರಣೆಯ ಯೋಜನೆಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆರಡು ಬಾರಿ ಒಂದೊಂದು ಮಿಲಿಲೀಟರು ಕಬ್ಬಿಣದ ಸಿರಪ್ಪನ್ನು ಗೊತ್ತುಮಾಡಿದ್ದಾರೆ. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯನ್ನೋ ವಿಚಾರಿಸಿ ಇದನ್ನು ಪಡೆಯತಕ್ಕದ್ದು.

ಹೋಟೆಲಿನಿಂದ ರಾತ್ರಿ ಮನೆಗೆ ಬರುವ ಪೊಟ್ಟಣದ ವಿಷಯದಲ್ಲಿಯೂ ಒಂದು ಮಾತು. ಮೆತ್ತನೆಯ ಬಿಸಿ ಇಡ್ಲಿ ಮಗುವಿಗೆ ಉತ್ತಮ ಆಹಾರವೇ. ಆದರೆ ಗಿರಾಕಿಯ ನಾಲಗೆಗೆಂದು ಉಪ್ಪು ಖಾರ ಹಾಕಿದ ಸಾಂಬಾರು, ಹೊತ್ತು ಮೀರಿದ ಚಟ್ನಿ ಕೂಸಿಗೆ ಸಲ್ಲ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಸೇರಿಸುವುದೇ ಬೇಡ. ಜೇನುತುಪ್ಪವನ್ನಂತೂ ವರ್ಷದೊಳಗೆ ನಾಲಗೆಗೂ ಸವರಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಕುಂದಿಸುತ್ತದೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಅಳು ನಿಲ್ಲಿಸಬಹುದು, ಆದರೆ ಚಹಾ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡದು. ಆಕಳ ಹಾಲು ವರ್ಷದೊಳಗೆ ಮುಖ್ಯ ಆಹಾರವಾಗಕೂಡದು. ವರ್ಷ ದಾಟಿದ ಮೇಲೂ ಸೀಸೆಗಟ್ಟಲೆ ಹಾಲು ಕುಡಿಸಿದರೆ ಅನ್ನಕ್ಕೆ ಜಾಗ ಉಳಿಯದು. ಇಡಿಯ ನೆಲಗಡಲೆ, ಪುಟಾಣಿ, ಇಡಿಯ ದ್ರಾಕ್ಷಿ ಇವು ಉಸಿರುಗೊಳವೆಗೆ ಸಿಕ್ಕಿ ಪ್ರಾಣಾಪಾಯ ತರುವಂಥವು. ಇವನ್ನು ಕೈಗೆ ಸಿಗದಂತಿಡಬೇಕು.

ಹೇಗೆ ಉಣಿಸಬೇಕು?

ಮೊದಲನೆಯದಾಗಿ, ಹೊತ್ತು. ಪ್ರತಿದಿನ ಹೆಚ್ಚುಕಡಿಮೆ ಅದೇ ಗಂಟೆಗೆ, ಮಗು ಎಚ್ಚರವಾಗಿ ಲವಲವಿಕೆಯಿಂದಿರುವಾಗ ಉಣಿಸಬೇಕು. ಅದಕ್ಕೆ ತೀರ ಮುಂಚೆ ಹಾಲು ಕೊಡಬಾರದು. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಮುಗಿಯದ ಊಟವನ್ನು ಅಲ್ಲಿಗೇ ನಿಲ್ಲಿಸಿ ಬಟ್ಟಲೆತ್ತಬೇಕು. ಮುಖದಲ್ಲಿ ಸಿಟ್ಟು ಬೇಡ. ತಕ್ಷಣವೇ ಬಿಸ್ಕತ್ತೂ ಬೇಡ. ಮುಂದಿನ ಹೊತ್ತಿಗೆ ಮತ್ತೆ ಬಡಿಸಿದರಾಯಿತು.

ಎರಡನೆಯದಾಗಿ, ಪುನಃಪ್ರಯತ್ನ. ಕುಂಬಳಕಾಯಿಯನ್ನು ಎರಡು ಸಲ ಉಗುಳಿದ ಮಗುವಿಗೆ ಕುಂಬಳಕಾಯಿ ಆಗದೆಂದು ತೀರ್ಮಾನಿಸುವುದು ಅವಸರ. ಹೊಸ ರುಚಿ ಒಗ್ಗುವುದಕ್ಕೆ ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ನಾಲಗೆಗೆ ತಾಗಬೇಕೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ಒಗ್ಗಿದ ತಿನಿಸಿನ ಜೊತೆಗೆ ಹೊಸತನ್ನು ಒಂದು ಚಮಚದಷ್ಟು ಇಟ್ಟರೆ ಸಾಕು. ಎರಡು ದಿನ ಬಿಟ್ಟು ಮತ್ತೆ ಇಡಬೇಕು.

ಮೂರನೆಯದಾಗಿ, ಮಗುವಿನ ಕೈ. ಎಂಟು ತಿಂಗಳ ಸುಮಾರಿಗೆ ಮಕ್ಕಳು ತಾವೇ ಹಿಡಿದು ತಿನ್ನಲು ಹಾತೊರೆಯುತ್ತವೆ. ಬಾಳೆಹಣ್ಣಿನ ತುಂಡು, ಬೆಂದ ಗೆಣಸು, ಇಡ್ಲಿಯ ಚೂರುಗಳನ್ನು ಕೈಗೆ ಕೊಟ್ಟರೆ ಚಮಚವನ್ನು ದ್ವೇಷಿಸುತ್ತಿದ್ದ ಕೂಸು ತಾನಾಗಿ ಬಾಯಿ ತೆರೆಯುವುದುಂಟು. ಮಗುವಿಗೊಂದು, ತಮಗೊಂದು ಎಂದು ಎರಡು ಚಮಚ ಇರಿಸಿಕೊಳ್ಳುವುದೂ ಒಂದು ಉಪಾಯ. ಅರ್ಧ ನೆಲದ ಪಾಲಾದೀತು. ಹಳೆಯ ವೃತ್ತಪತ್ರಿಕೆಯೊಂದನ್ನು ಕೆಳಗೆ ಹಾಸಿದರೆ ಒರೆಸುವ ಕಷ್ಟ ತಪ್ಪುತ್ತದೆ. ಓದಿದ ಮೇಲೆ ನಮ್ಮದನ್ನೇ ಹಾಸಿದರೂ ನಮಗೆ ಬೇಸರವಿಲ್ಲ. ಆದರೆ ಮುದ್ರಣದ ಮಸಿ ಹೊಟ್ಟೆಗೆ ಹೋಗದಂತೆ, ಅದರ ಮೇಲೆ ಬಿದ್ದುದನ್ನು ಮಗು ಹೆಕ್ಕಿ ತಿನ್ನದ ಹಾಗೆ ನೋಡಿಕೊಳ್ಳಬೇಕು.

ಇನ್ನು ಮಾಡಕೂಡದ ಸಂಗತಿಗಳು. ಮಗುವನ್ನು ಚಾಚಿದ ಕಾಲಿನ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಒಳಲೆಯಿಂದ ಸರಿ ಹೊಯ್ಯುವ ಪದ್ಧತಿ ಕೆಲವು ಕಡೆ ಇನ್ನೂ ಉಳಿದಿದೆ. ಅಳುವ ಬಾಯಿಗೆ ಹೊಯ್ದುದು ಅನ್ನನಾಳಕ್ಕೆ ಹೋಗದೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆದೀತು, ಉಸಿರೇ ನಿಂತೀತು. ಮೊಬೈಲು ತೋರಿಸಿ ಉಣಿಸುವುದು ಅಷ್ಟು ಭಯಂಕರವಲ್ಲದಿದ್ದರೂ ಹಿತವಲ್ಲ. ಚಿತ್ರ ನೋಡುತ್ತ ನುಂಗುವ ಮಗುವಿಗೆ ತಾನು ಏನು ತಿಂದೆ, ಹೊಟ್ಟೆ ತುಂಬಿತೇ ಎಂಬ ಅರಿವೇ ಬೆಳೆಯುವುದಿಲ್ಲ. ಬೆದರಿಕೆಯಿಂದ ಉಂಡ ಮಗುವಿಗೆ ಚಮಚವೇ ಗುಮ್ಮನಾಗುತ್ತದೆ.

ವೈದ್ಯರ ಬಳಿಗೆ ಎಂದು?

ಮಗುವಿನ ತೂಕವೇ ನಿಜವಾದ ಸಾಕ್ಷಿ, ನೆಂಟರ ಕಣ್ಣಲ್ಲ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಗಿಸಿ ತಾಯಿ-ಮಗುವಿನ ರಕ್ಷಣಾ ಕಾರ್ಡಿನಲ್ಲಿ ಗುರುತು ಹಾಕಿಸಬೇಕು. 1975ರಲ್ಲಿ ಆರಂಭವಾದ ಈ ಸೇವೆಗೆ ಕಾಸು ಕೊಡಬೇಕಾಗಿಲ್ಲ. ಗೆರೆ ಮೇಲಕ್ಕೆ ಸಾಗುತ್ತಿದ್ದರೆ, ಮಗು ಆಡಿಕೊಂಡಿದ್ದರೆ, ಇಂದಿನ ಎರಡು ತುತ್ತಿಗೆ ಕೊರಗಬೇಕಾಗಿಲ್ಲ. ಗೆರೆ ಎರಡು ತಿಂಗಳು ಮೇಲೇರದಿದ್ದರೆ, ಕಣ್ಣು ತುಟಿ ಬಿಳಿಚಿದ್ದರೆ, ಮಣ್ಣು ಅಥವಾ ಗೋಡೆಯ ಸುಣ್ಣ ತಿನ್ನತೊಡಗಿದರೆ, ಪ್ರತಿ ತುತ್ತಿಗೂ ಕೆಮ್ಮಿ ಉಸಿರು ಸಿಕ್ಕಿಕೊಂಡರೆ, ಹತ್ತು ತಿಂಗಳಾದರೂ ಮೆದು ಅನ್ನವನ್ನೂ ನುಂಗಲಾರದಿದ್ದರೆ ವೈದ್ಯರಿಗೆ ತೋರಿಸಬೇಕು. ಜ್ವರವಿದ್ದು ಎದೆಹಾಲನ್ನೂ ಒಲ್ಲದಿದ್ದರೆ, ಆರು ಗಂಟೆ ಕಳೆದರೂ ಮೂತ್ರವಾಗದಿದ್ದರೆ, ಮಂಕಾಗಿ ಬಿದ್ದುಕೊಂಡಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಭೇದಿಯಾದಾಗ ಊಟ ನಿಲ್ಲಿಸುವುದು ತಪ್ಪು; ಓ.ಆರ್.ಎಸ್. ದ್ರಾವಣ, ವೈದ್ಯರು ಹೇಳಿದಂತೆ 14 ದಿನ ಸತುವಿನ ಮಾತ್ರೆ, ಜೊತೆಗೆ ಎದೆಹಾಲು, ಮೆದು ಆಹಾರ ಇವು ಮುಂದುವರಿಯಬೇಕು. ಕಾಯಿಲೆ ವಾಸಿಯಾದ ಮೇಲೆ ಕೆಲವು ದಿನ ಒಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದ ತೂಕ ಮರಳುತ್ತದೆ.

ಟಾನಿಕ್ಕಿನ ಮೋಹವನ್ನು ಬಿಡುವುದು ಲೇಸು. ಹಾಲಿನ ಪುಡಿ, ಹಾಲಿನ ಸೀಸೆ, ಶಿಶು ಆಹಾರಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿದೆ. ಎಳೆಯ ತಾಯಂದಿರ ಅಂಜಿಕೆ ಯಾರದೋ ಲಾಭವಾಗಬಾರದೆಂಬುದೇ ಅದರ ಉದ್ದೇಶ. ಡಬ್ಬಿಯ ಹಿಟ್ಟಿಗೆ ಕೊಡುವ ಹಣದಲ್ಲಿ ರಾಗಿ, ಬೇಳೆ, ಮೊಟ್ಟೆ, ಬಾಳೆಹಣ್ಣು ಎಷ್ಟು ಬಂದೀತೆಂದು ಲೆಕ್ಕ ಬರೆಯುವ ನಮ್ಮ ಗುಮಾಸ್ತ ಬಂಧುಗಳೇ ಒಮ್ಮೆ ಕೂಡಿಸಿ ನೋಡಲಿ.

ತಂದೆಯ ಪಾಲು

ಕಡೆಯದಾಗಿ ನಮ್ಮ ಹೋಟೆಲಿನ ಸೋದರರಿಗೆ ಒಂದು ಬಿನ್ನಹ. ದಿನಕ್ಕೆ ನೂರಾರು ಅಪರಿಚಿತರಿಗೆ ನಗುಮುಖದಿಂದ ಬಡಿಸುವ ಕೈ ನಿಮ್ಮದು. ಬೇಡವೆಂದವನ ಮೇಲೆ ಮುನಿಯದೆ, ಬೇಕೆಂದವನಿಗೆ ಬೇಸರಿಸದೆ ಬಡಿಸುವ ವಿದ್ಯೆ ನಿಮಗೆ ಕರಗತವಾಗಿದೆ. ಆ ವಿದ್ಯೆ ಸ್ವಂತ ಕೂಸಿಗೆ ದೊರೆಯದೆ ಹೋಗುವುದು ದುಃಖದ ಸಂಗತಿ. ವಾರದ ರಜೆಯ ದಿನವಾದರೂ ಒಂದು ಹೊತ್ತಿನ ಊಟವನ್ನು ನೀವೇ ಉಣಿಸಿರಿ. ಅಷ್ಟು ಹೊತ್ತು ಮಡದಿ ಒಂದು ಲೋಟ ಚಹಾ ಕುಡಿದು ಕಾಲು ಚಾಚಿ ಕುಳಿತುಕೊಳ್ಳಲಿ.

ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಹೋಟೆಲಿನ ಮಾಳಿಗೆಯಲ್ಲಿ ಮಲಗುವವರೂ ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಕೈ ಕೂಸಿಗೆ ಎಟುಕದು; ಮಾತು ಎಟುಕುತ್ತದೆ. ಫೋನಿನಲ್ಲಿ "ಇವತ್ತು ಎಷ್ಟು ತಿಂದಿತು?" ಎಂದು ಕೇಳುವುದನ್ನು ಬಿಟ್ಟು "ಈ ತಿಂಗಳ ತೂಕ ಎಷ್ಟಾಯಿತು? ನೀನು ಊಟ ಮಾಡಿದೆಯಾ?" ಎಂದು ಕೇಳಿದರೆ ಆ ತಾಯಿಯ ಅರ್ಧ ಭಾರ ಇಳಿಯುತ್ತದೆ. ತಾಯಿಯ ಮನಸ್ಸಿನ ಭಾರ ಇಳಿದರೆ ಬಟ್ಟಲಿನ ಮುಂದಿನ ಜಗಳ ತಾನಾಗಿ ತಗ್ಗುತ್ತದೆ.